ನೀರಿನ ಮಾರ್ಕರ್ ಪೆನ್ನಿನಲ್ಲಿ ಚಿತ್ರ: ಹಾಳೆ ಕಿತ್ತು ಬರುತ್ತದೆ, ಆಕಾಶ ಗೆರೆಗೆರೆ, ಏನು ಮಾಡಲಿ?

ಹೆಂಚಿನಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಶಿರಸಿ ಕಡೆಯವಳು. ಹತ್ತು ಹನ್ನೆರಡು ವರ್ಷದಿಂದ ವಾಟರ್ ಕಲರ್ ಮಾಡುತ್ತಿದ್ದೇನೆ. ಟ್ಯೂಬ್ ಬಣ್ಣ, ಎರಡು ಬ್ರಶ್, ಒಂದು ಲೋಟ ನೀರು, ಅಷ್ಟೇ ನನ್ನ ಸಾಮಾನು. ಹೋದ ವರ್ಷ ಮಗಳು ಬೆಂಗಳೂರಿನಿಂದ ಬರುವಾಗ 24 ಬಣ್ಣದ ಬ್ರಶ್ ಪೆನ್ನಿನ ಸೆಟ್ ತಂದಳು. ನಾವು ಶಾಲೆಯಲ್ಲಿ ಸ್ಕೆಚ್ ಪೆನ್ ಅಂತಿದ್ದೆವಲ್ಲ, ಅದೇ ಜಾತಿ. ಒಂದು ಕಡೆ ಮೆತ್ತಗೆ ಬಾಗುವ ಬ್ರಶ್ ತುದಿ, ಇನ್ನೊಂದು ಕಡೆ ಸಣ್ಣ ಗಟ್ಟಿ ತುದಿ. ನೀರಿನ ಇಂಕು, ಸ್ಪಿರಿಟ್ ವಾಸನೆ ಇಲ್ಲ. ನೀರು ತಾಗಿಸಿದರೆ ಬಣ್ಣ ಹರಡುತ್ತದೆ.

ವಿಷಯ ಏನೆಂದರೆ, ನನ್ನ ತವರುಮನೆಯನ್ನು ದೀಪಾವಳಿ ಕಳೆದ ಮೇಲೆ ಕೆಡವುತ್ತಾರೆ. ಅಣ್ಣ ಹೊಸ ಮನೆ ಕಟ್ಟುತ್ತಿದ್ದಾನೆ. ಅವನದು ತಪ್ಪಲ್ಲ, ಮಾಡು ಸೋರುತ್ತದೆ, ಗೋಡೆ ಬಿರುಕು ಬಿಟ್ಟಿದೆ. ಆದರೆ ಕೆಡವುವ ಮೊದಲು ಜಗಲಿ, ನಡುಮನೆ, ಬಚ್ಚಲ ಒಲೆ, ಕೊಟ್ಟಿಗೆ, ಹಿತ್ತಲಿನ ಬಾವಿಕಟ್ಟೆ ಎಲ್ಲವನ್ನೂ ಚಿತ್ರ ಮಾಡಿ ಇಟ್ಟುಕೊಳ್ಳಬೇಕು ಅಂತ ಆಸೆ. ವಾರಕ್ಕೊಂದು ದಿನ ಹೋಗುತ್ತೇನೆ. ಅಲ್ಲಿ ಸಾಮಾನು ಹರಡಿಕೊಂಡು ಕೂರುವ ಹಾಗಿಲ್ಲ, ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಅದಕ್ಕೆ ಪೆನ್ನೇ ಸರಿ ಅಂದುಕೊಂಡೆ.

ಆದರೆ ಕೈಗೆ ಒಗ್ಗುತ್ತಿಲ್ಲ. ಆಕಾಶ ತುಂಬಿಸಿದರೆ ಗೆರೆ ಗೆರೆ ಕಾಣುತ್ತದೆ, ಗೋಡೆಗೆ ಸುಣ್ಣ ಬಳಿಯಲು ಬಾರದವರು ಬಳಿದ ಹಾಗೆ. ಗೆರೆ ಹೋಗಲಿ ಅಂತ ಮತ್ತೆ ಮತ್ತೆ ತಿಕ್ಕಿದರೆ ಹಾಳೆಯ ಮೇಲೆ ಹತ್ತಿಯ ಹಾಗೆ ಎದ್ದು ಉಂಡೆ ಉಂಡೆ ಬರುತ್ತದೆ, ಆ ಉಂಡೆ ಪೆನ್ನಿನ ತುದಿಗೂ ಅಂಟುತ್ತದೆ. ನೀರು ಹಾಕಿದರೆ ಮೊದಲು ಎಳೆದ ಗೆರೆ ಪೂರ್ತಿ ಹೋಗುವುದಿಲ್ಲ, ಅಲ್ಲೇ ಕಲೆಯಾಗಿ ಕೂರುತ್ತದೆ. ಹೆಂಚಿನ ಬಣ್ಣವಂತೂ ಸಿಗಲೇ ಇಲ್ಲ. ಸೆಟ್ಟಿನಲ್ಲಿರುವ ಕೆಂಪು ತೀರಾ ಕೆಂಪು, ಕಂದು ತೀರಾ ಕಂದು.

ಇನ್ನೊಂದು ದೊಡ್ಡ ಬೇಜಾರು. ಹೋದ ವರ್ಷವೇ ಇದೇ ಪೆನ್ನಿನಲ್ಲಿ ದಾಸವಾಳದ ಚಿತ್ರ ಮಾಡಿ ಚಿಕ್ಕಮ್ಮನಿಗೆ ಕೊಟ್ಟಿದ್ದೆ. ಅವರು ಫ್ರೇಮ್ ಹಾಕಿಸಿ ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದರು. ಮೊನ್ನೆ ಹೋದಾಗ ನೋಡಿದರೆ ಹೂವೇ ಇಲ್ಲ! ಕೆಂಪು ಬಿಳಿಚಿಕೊಂಡಿದೆ, ಎಲೆಯ ಹಸಿರು ನೀಲಿ ಕಡೆಗೆ ತಿರುಗಿದೆ. ಎಂಟೇ ತಿಂಗಳು. ಚಿಕ್ಕಮ್ಮ ಏನೂ ಅನ್ನಲಿಲ್ಲ, ಆದರೆ ನನಗೆ ಆ ಗೋಡೆ ನೋಡಲು ಆಗಲಿಲ್ಲ. ಮನೆಯೂ ಹೋಗಿ ಚಿತ್ರವೂ ಹೋದರೆ ನಾನು ಏನು ಇಟ್ಟುಕೊಳ್ಳಲಿ?

ಮಾರ್ಕರ್‌ನಲ್ಲಿ ನಿಜವಾಗಿ ಪೇಂಟಿಂಗ್ ಮಾಡಿದವರು ಇದ್ದರೆ ಹೇಳಿ. ನನ್ನ ಕೈ ತಪ್ಪೋ, ಪೆನ್ನಿನ ಗುಣವೇ ಹಾಗೋ?

ನೀಲಿಕೊಡೆ

ಅಕ್ಕ, ನಿಮ್ಮ ಕೈ ತಪ್ಪಲ್ಲ. ನೀವು ಬ್ರಶ್ಶಿನಲ್ಲಿ ಮಾಡುವುದನ್ನು ಪೆನ್ನಿನ ಕೈಯಲ್ಲಿ ಮಾಡಿಸುತ್ತಿದ್ದೀರಿ, ಅಷ್ಟೇ. ನಾನೂ ಎರಡು ವರ್ಷ ಹಾಗೇ ಒದ್ದಾಡಿದೆ. ಮೈಸೂರಿನಲ್ಲಿ ಭಾನುವಾರ ಭಾನುವಾರ ಬೀದಿಯಲ್ಲಿ ಕೂತು ಚಿತ್ರ ಮಾಡುತ್ತೇನೆ, ಈಗ ಮುಕ್ಕಾಲು ಭಾಗ ಕೆಲಸ ಇದೇ ಪೆನ್ನಿನಲ್ಲಿ.

ಮೊದಲು ಗೆರೆ ಯಾಕೆ ಬರುತ್ತದೆ ನೋಡಿ. ನೀವು ಒಂದು ಗೀರು ಎಳೆದು ಮುಂದಿನದು ಎಳೆಯುವಷ್ಟರಲ್ಲಿ ಮೊದಲಿನದರ ಅಂಚು ಒಣಗಿರುತ್ತದೆ. ಎರಡನೆಯದು ಅದರ ಮೇಲೆ ಸ್ವಲ್ಪ ಹತ್ತಿದರೂ ಅಲ್ಲಿ ಎರಡು ಪದರ ಆಯಿತು, ಅಷ್ಟು ಜಾಗ ಕಪ್ಪಗಾಯಿತು. ಸ್ಪಿರಿಟ್ ಮಾರ್ಕರ್‌ನಲ್ಲಿ ಹೊಸ ಇಂಕು ಹಳೆಯದನ್ನು ಕರಗಿಸಿಕೊಂಡು ಸೇರುತ್ತದೆ, ಅದಕ್ಕೆ ಅದು ಸಮ ಕಾಣುತ್ತದೆ. ನೀರಿನದು ಹಾಗೆ ಸೇರುವುದಿಲ್ಲ. ಹಾಗಾಗಿ ಆಕಾಶವನ್ನು ಪೆನ್ನಿನಿಂದ ತುಂಬಿಸಲೇಬೇಡಿ. ಯಾವ ದೊಡ್ಡ ಜಾಗವನ್ನೂ ತುಂಬಿಸಬೇಡಿ.

ಒಂದು ಬಿಳಿ ಪಿಂಗಾಣಿ ತಟ್ಟೆ ತೆಗೆದುಕೊಳ್ಳಿ. ಹೊರಗೆ ಹೋಗುವಾಗ ಗಟ್ಟಿ ಪ್ಲಾಸ್ಟಿಕ್ ಹಾಳೆ ಸಾಕು, ನಾನು ಹಳೆಯ ಫೈಲಿನ ಕವರ್ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಪೆನ್ನಿನಿಂದ ಒಂದು ರೂಪಾಯಿ ನಾಣ್ಯದಷ್ಟು ಜಾಗ ಗೀಚಿ. ಎರಡು ಮೂರು ಹನಿ ನೀರು ಹಾಕಿ. ಈಗ ಅದು ನಿಮ್ಮ ವಾಟರ್ ಕಲರ್, ಬ್ರಶ್ಶಿನಲ್ಲಿ ತೆಗೆದು ಬಳಿಯಿರಿ. ಹಾಳೆಗೆ ಮೊದಲು ಬರೀ ನೀರು ಬಳಿದು, ಅದು ಮಿನುಗುತ್ತಿರುವಾಗ ಬಣ್ಣ ಬಿಟ್ಟರೆ ಆಕಾಶ ಒಂದು ಗೆರೆ ಇಲ್ಲದೆ ಬರುತ್ತದೆ. ಹಿಡಿಕೆಯಲ್ಲೇ ನೀರು ತುಂಬುವ ವಾಟರ್ ಬ್ರಶ್ ಒಂದು ಇದ್ದರೆ ಲೋಟವೂ ಬೇಡ, ಮಡಿಲಲ್ಲೇ ಇಟ್ಟುಕೊಂಡು ಮಾಡಬಹುದು. ನಿಮಗೆ ಜಗಲಿಯಲ್ಲಿ ಜಾಗ ಇಲ್ಲ ಅಂದಿರಲ್ಲ, ಅದಕ್ಕೆ ಹೇಳಿದೆ.

ಪೆನ್ನಿನ ತುದಿಯನ್ನು ಹಾಳೆಗೆ ತಾಗಿಸುವುದು ಎಲ್ಲಿ ಅಂದರೆ, ನೆರಳಿನ ಅಂಚಿನಲ್ಲಿ, ಬಾಗಿಲ ಚೌಕಟ್ಟಿನ ಕೆಳಗೆ, ಹೆಂಚಿನ ಸಾಲಿನ ಕೆಳಗೆ. ಒಂದು ಗೆರೆ ಎಳೆದು ತಕ್ಷಣ ಒದ್ದೆ ಬ್ರಶ್ಶಿನಿಂದ ಒಂದು ಕಡೆಗೆ ಎಳೆಯಬೇಕು. ತಕ್ಷಣ ಅಂದರೆ ನಿಜವಾಗಿ ತಕ್ಷಣ. ಈ ಇಂಕು ನಾರಿಗೆ ಬೇಗ ಹಿಡಿಯುತ್ತದೆ, ನೀವು ಕಲೆಯಾಗಿ ಕೂರುತ್ತದೆ ಅಂದದ್ದು ಅದೇ. ಒಂದು ಸಲಕ್ಕೆ ಹೆಬ್ಬೆರಳಿನಷ್ಟು ಜಾಗ ಮಾತ್ರ ಮಾಡಿ, ಮುಗಿಸಿ, ಪಕ್ಕಕ್ಕೆ ಹೋಗಿ. ಟ್ಯೂಬ್ ಬಣ್ಣದ ಹಾಗೆ ಆಮೇಲೆ ಒದ್ದೆ ಬ್ರಶ್ಶಿನಿಂದ ಎತ್ತಿ ತೆಗೆಯುತ್ತೇನೆ ಅಂತ ನಂಬಿ ಕೂರಬೇಡಿ. ಬಿಳಿ ಬೇಕಾದ ಕಡೆ ಮೊದಲೇ ಬಿಟ್ಟುಬಿಡಿ. ತಿಳಿ ಬಣ್ಣ ಮೊದಲು, ಗಾಢ ಕೊನೆಗೆ. ಪೆನ್ಸಿಲ್ ಗೆರೆ ಆದಷ್ಟು ತೆಳ್ಳಗಿರಲಿ, ಅದರ ಮೇಲೆ ಬಣ್ಣ ಕೂತರೆ ರಬ್ಬರಿನಿಂದ ಅಳಿಸುವುದು ಕಷ್ಟ.

ಹೆಂಚಿನ ಬಣ್ಣಕ್ಕೆ ತುದಿಗೆ ತುದಿ ತಾಗಿಸಿ. ಕಿತ್ತಳೆ ಪೆನ್ನಿನ ಬ್ರಶ್ ತುದಿಗೆ ಕಂದು ಪೆನ್ನಿನ ತುದಿಯನ್ನು ಎರಡು ಸೆಕೆಂಡ್ ತಾಗಿಸಿ ಹಿಡಿದರೆ ಕಂದು ಅದಕ್ಕೆ ಇಳಿಯುತ್ತದೆ. ಆಮೇಲೆ ಎಳೆದ ಗೀರು ಕಂದಿನಲ್ಲಿ ಶುರುವಾಗಿ ಕಿತ್ತಳೆಯಲ್ಲಿ ಮುಗಿಯುತ್ತದೆ. ಒಂದೊಂದು ಹೆಂಚಿಗೂ ಅದೇ ಬೇಕು ಅಲ್ವಾ, ಮೇಲಿನ ಹೆಂಚಿನ ನೆರಳಲ್ಲಿ ಕಪ್ಪು, ಕೆಳಗೆ ಬಿಸಿಲು. ಆದ ಮೇಲೆ ಬೇರೆ ಕಾಗದದ ಮೇಲೆ ಗೀಚಿದರೆ ತುದಿ ಮತ್ತೆ ಶುದ್ಧವಾಗುತ್ತದೆ. ಪಾಚಿ ಹಿಡಿದ ಹೆಂಚಿಗೆ ಇಂಕು ಮುಗಿಯುತ್ತ ಬಂದ ಹಳೆಯ ಹಸಿರು ಪೆನ್ ಇಟ್ಟುಕೊಳ್ಳಿ, ಎಸೆಯಬೇಡಿ. ಅದನ್ನು ಅಡ್ಡ ಮಲಗಿಸಿ ಒರಟು ಹಾಳೆಯ ಮೇಲೆ ಸುಮ್ನೆ ಸವರಿದರೆ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಟ್ಯೂಬ್ ಬಣ್ಣದಲ್ಲಿ ಕಣ ಕಣವಾಗಿ ಕೂರುವ ಗುಣ ಕೆಲವಕ್ಕೆ ತಾನಾಗಿ ಇರುತ್ತದೆ, ಈ ಇಂಕಿಗೆ ಅದಿಲ್ಲ, ನಾವೇ ಮಾಡಿಕೊಳ್ಳಬೇಕು.

ಇನ್ನು ಹಾಳೆ. ನೀವು ಯಾವುದರ ಮೇಲೆ ಮಾಡುತ್ತಿದ್ದೀರಿ ಹೇಳಲಿಲ್ಲ. ಡ್ರಾಯಿಂಗ್ ಪುಸ್ತಕವಾದರೆ ಅದು ಖಂಡಿತ ಏಳುತ್ತದೆ. ವಾಟರ್ ಕಲರ್ ಕಾಗದಕ್ಕೆ ಜೆಲಟಿನ್ ತರಹದ ಒಂದು ಅಂಟು ಸೇರಿಸಿರುತ್ತಾರೆ, ಗಂಜಿ ಹಾಕಿದ ಸೀರೆ ಇದ್ದ ಹಾಗೆ, ನೀರು ಬಿದ್ದರೆ ತಕ್ಷಣ ಒಳಗೆ ಇಳಿಯುವುದಿಲ್ಲ. ನಿಮಗೆ ಎಳೆದಾಡಲು ಸಮಯ ಸಿಗುತ್ತದೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ, ಅದರಲ್ಲೂ ಹಾಟ್ ಪ್ರೆಸ್ ಅನ್ನುವ ನುಣುಪಿನದು ತೆಗೆದುಕೊಳ್ಳಿ. ತೀರಾ ಒರಟು ಹಾಳೆ ಬ್ರಶ್ ತುದಿಯನ್ನು ತಿಂದುಹಾಕುತ್ತದೆ. ಪಾಚಿಗೆ ಮಾತ್ರ ಒರಟು ಬೇಕಾದೀತು, ಅದಕ್ಕೆ ಹಳೆಯ ಪೆನ್ ಅಂದದ್ದು.

ಒಂದು ಭಾನುವಾರ ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮದ ರಾಶಿಗಳನ್ನು ಮಾಡುತ್ತಿದ್ದೆ. ಪೆನ್ನಿನಿಂದ ತುಂಬಿಸಿದಾಗ ಅವು ಪ್ಲಾಸ್ಟಿಕ್ ಗೋಪುರದ ಹಾಗೆ ಕಂಡವು. ಕೊನೆಗೆ ಬೇಸರವಾಗಿ ಒಂದು ರಾಶಿಗೆ ಬರೀ ಬುಡದಲ್ಲಿ ಒಂದು ಗೆರೆ ಎಳೆದು ನೀರಿನಿಂದ ಮೇಲಕ್ಕೆ ಎಳೆದೆ, ತುದಿಯನ್ನು ಬಿಳಿ ಬಿಟ್ಟೆ. ಅದೊಂದೇ ಪುಡಿಯ ಹಾಗೆ ಕಂಡಿತು. ಅವತ್ತಿನಿಂದ ಪೆನ್ನನ್ನು ನಾನು ಕಡಿಮೆ ತಾಗಿಸುತ್ತೇನೆ.

ಬಣ್ಣ ಹಾರುವ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಇದ್ದಾರೆ.

ಚಾಕ್‌ಪೀಸ್

ನಾನು ಹೇಳುತ್ತೇನೆ. ಧಾರವಾಡದಲ್ಲಿ ಹೈಸ್ಕೂಲು ಚಿತ್ರಕಲಾ ಶಿಕ್ಷಕ, ಈ ಪ್ರಶ್ನೆ ಮಕ್ಕಳಿಂದ ಪ್ರತಿ ವರ್ಷ ಬರುತ್ತದೆ.

ಬಣ್ಣದಲ್ಲಿ ಎರಡು ಜಾತಿ, ಡೈ ಮತ್ತು ಪಿಗ್ಮೆಂಟ್. ನಮ್ಮ ಮನೆಯಲ್ಲೇ ಎರಡೂ ಇವೆ. ಬಿಳಿ ಪಂಚೆಗೆ ಸಾರಿನ ಅರಿಸಿನ ಬಿದ್ದರೆ ಎಷ್ಟು ಒಗೆದರೂ ಹೋಗುವುದಿಲ್ಲ, ಆದರೆ ನಾಲ್ಕು ದಿನ ಬಿಸಿಲಿಗೆ ಹಾಕಿದರೆ ತಾನಾಗಿ ಮಾಯ. ಅದೇ ಪಂಚೆ ಕೆಮ್ಮಣ್ಣಿನಲ್ಲಿ ಒದ್ದೆಯಾದರೆ ವರ್ಷಗಟ್ಟಲೆ ಬಿಸಿಲಿಗೆ ಹಾಕಿದರೂ ಕೆಂಪು ಹೋಗದು. ಅರಿಸಿನದ ಬಣ್ಣ ಡೈ, ನಾರಿನ ಒಳಗೆ ಇಳಿಯುತ್ತದೆ, ಒಂದೊಂದು ಅಣುವೂ ಬೆಳಕಿಗೆ ಒಡ್ಡಿಕೊಂಡಿರುತ್ತದೆ, ಬೆಳಕು ಅದನ್ನು ಮುರಿಯುತ್ತದೆ. ಕೆಮ್ಮಣ್ಣು ಪಿಗ್ಮೆಂಟ್, ಕರಗದ ಕಣ, ಅದರ ಕೆಂಪು ಕಬ್ಬಿಣದ ಆಕ್ಸೈಡ್. ಗಂಗಾವತಿ ಹತ್ತಿರ ಹಿರೇಬೆಣಕಲ್ ಬೆಟ್ಟಕ್ಕೆ ಹೋದವರಿಗೆ ಗೊತ್ತು, ಬಂಡೆಗಳ ಮೇಲೆ ಪ್ರಾಗೈತಿಹಾಸಿಕ ಜನ ಬರೆದ ಕೆಂಪು ಚಿತ್ರಗಳು ಇವತ್ತಿಗೂ ಕಾಣುತ್ತವೆ.

ನೀರಿನ ಬ್ರಶ್ ಪೆನ್ನುಗಳಲ್ಲಿ ಬಹುಪಾಲು ಡೈ ಇಂಕು. ಡೈ ಇರುವುದಕ್ಕೇ ಅವು ಅಷ್ಟು ಹೊಳೆಯುತ್ತವೆ, ನೀರಿಗೆ ಅಷ್ಟು ಸಲೀಸಾಗಿ ಹರಡುತ್ತವೆ. ನಿಮ್ಮ ದಾಸವಾಳ ಹೋದದ್ದೂ ಅದಕ್ಕೇ. ಹಸಿರು ನೀಲಿಯಾದದ್ದು ಯಾಕೆ ಅಂದರೆ, ಆ ಹಸಿರಿನಲ್ಲಿ ಹಳದಿ ಡೈ ಮತ್ತು ನೀಲಿ ಡೈ ಎರಡೂ ಇದ್ದಿರಬೇಕು, ಹಳದಿ ಮೊದಲು ಹೋಗಿದೆ.

ಒಳಗೆ ಏನೇನು ಇದೆ ಅಂತ ನೋಡುವ ಆಸೆ ಇದ್ದರೆ ಹೀಗೆ ಮಾಡಿ, ನನ್ನ ಎಂಟನೇ ತರಗತಿಯವರಿಗೆ ಇದು ಬಹಳ ಇಷ್ಟ. ಬಿಳಿ ಸೀಮೆಸುಣ್ಣದ ಬುಡದಿಂದ ಒಂದು ಸೆಂಟಿಮೀಟರ್ ಮೇಲೆ ಕಪ್ಪು ಪೆನ್ನಿನಿಂದ ಸುತ್ತ ಗೆರೆ ಹಾಕಿ. ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ನೀರು ಇಟ್ಟು ಅದರಲ್ಲಿ ನಿಲ್ಲಿಸಿ. ಗೆರೆ ನೀರಿಗೆ ಮುಳುಗಬಾರದು. ನೀರು ಮೇಲೇರುತ್ತ ಕಪ್ಪನ್ನು ಬಿಡಿಸುತ್ತ ಹೋಗುತ್ತದೆ, ಒಂದರ ಮೇಲೊಂದು ನೇರಳೆ, ಗುಲಾಬಿ, ನೀಲಿ, ಹಳದಿ ಪಟ್ಟೆ ಕಾಣುತ್ತದೆ. ಪೆನ್ನಿಂದ ಪೆನ್ನಿಗೆ ಇದು ಬೇರೆ. ನಿಮ್ಮ ಕಪ್ಪು ನೆರಳಿಗೆ ನೀರು ತಾಗಿದಾಗ ಅಂಚಿನಲ್ಲಿ ಬೇಡದ ಗುಲಾಬಿ ಯಾಕೆ ಬರುತ್ತದೆ ಅನ್ನುವುದಕ್ಕೂ ಉತ್ತರ ಅಲ್ಲಿದೆ. ನಾನು ಪ್ರತಿ ಹೊಸ ಸೆಟ್ಟಿನ ಕಪ್ಪು, ಕಂದು, ಬೂದು ಮೂರನ್ನೂ ಹೀಗೆ ನೋಡಿಯೇ ಬಳಸುತ್ತೇನೆ.

ಬಣ್ಣ ಹಾರುವುದು ದೊಡ್ಡವರಿಗೂ ತಪ್ಪಿಲ್ಲ. ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ತನ್ನ ಮಲಗುವ ಕೋಣೆಯ ಚಿತ್ರ ಮಾಡಿದ. ತಮ್ಮನಿಗೆ ಬರೆದ ಪತ್ರದಲ್ಲಿ ಗೋಡೆ ತಿಳಿ ನೇರಳೆ ಅಂತ ಬರೆದಿದ್ದಾನೆ. ಇವತ್ತು ಆ ಗೋಡೆ ನೀಲಿ. ನೇರಳೆಯಲ್ಲಿದ್ದ ಕೆಂಪು ಬೆಳಕಿಗೆ ಹಾರಿಹೋಯಿತು, ನೀಲಿ ಉಳಿಯಿತು. ಪತ್ರ ಇಲ್ಲದಿದ್ದರೆ ಅವನ ಕೋಣೆ ನೀಲಿ ಬಣ್ಣದ್ದು ಅಂತಲೇ ನಾವು ನಂಬುತ್ತಿದ್ದೆವು. ಹಾಗಾಗಿ ಅಮ್ಮ, ನಿಮ್ಮ ಪ್ರತಿ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ: ಈ ಗೋಡೆ ಯಾವ ಬಣ್ಣ, ಬಾಗಿಲು ಯಾವ ಬಣ್ಣ, ಯಾವ ದಿನ, ಎಷ್ಟು ಹೊತ್ತಿಗೆ.

ಪರೀಕ್ಷೆ ನೀವೇ ಮಾಡಬಹುದು. 24 ಬಣ್ಣವನ್ನೂ ಒಂದು ಹಾಳೆಯಲ್ಲಿ ಪಟ್ಟಿ ಪಟ್ಟಿಯಾಗಿ ಹಚ್ಚಿ, ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ತಿಂಗಳು ಬಿಟ್ಟು ರಟ್ಟು ತೆಗೆದು ನೋಡಿ. ಹಾರಿದ ಬಣ್ಣಗಳ ಕ್ಯಾಪಿನ ಮೇಲೆ ಗುರುತು ಹಾಕಿ, ಅವು ಅಭ್ಯಾಸದ ಪುಸ್ತಕಕ್ಕೆ ಮಾತ್ರ.

ಚಿತ್ರವನ್ನು ಆಲ್ಬಮ್ಮಿನಲ್ಲಿ ಮುಚ್ಚಿಟ್ಟರೆ ಡೈ ಬಣ್ಣವೂ ಬಹಳ ಕಾಲ ಬರುತ್ತದೆ, ಬೆಳಕೇ ಅದರ ಶತ್ರು. ಗೋಡೆಗೆ ಹಾಕುವುದಾದರೆ ಮೂಲ ಚಿತ್ರ ಹಾಕಬೇಡಿ. 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ, ಪಿಗ್ಮೆಂಟ್ ಇಂಕಿನ ಪ್ರಿಂಟ್ ತೆಗೆಸಿ ಅದನ್ನು ಹಾಕಿ. ಚಿಕ್ಕಮ್ಮನಿಗೂ ಹಾಗೇ ಕೊಡಿ. ವಾರ್ನಿಶ್ ಬಳಿಯುತ್ತೇನೆ ಅಂತ ಬ್ರಶ್ ಹಿಡಿದು ಹೋಗಬೇಡಿ, ಆ ಒದ್ದೆಗೆ ಬಣ್ಣ ಮತ್ತೆ ಕದಡುತ್ತದೆ.

ಗೋಡೆಬರಹ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಉಳಿಯಬೇಕಾದ ಚಿತ್ರವನ್ನು ಡೈ ಪೆನ್ನಿನಲ್ಲಿ ಯಾಕೆ ಮಾಡಬೇಕು? ನೀರಿನ ಮಾರ್ಕರ್ ಅಂದರೆ ಅದೊಂದೇ ಅಲ್ಲ. ಪಿಗ್ಮೆಂಟಿನ ಪೇಂಟ್ ಮಾರ್ಕರ್‌ಗಳೂ ನೀರಿನವೇ. ಪೋಸ್ಕಾ 1983ರಿಂದ ಇದೆ, ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿಯದು (ಕಾರಿನ ಮಿತ್ಸುಬಿಷಿಗೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಒಂದೇ). ಕ್ಯಾಪ್ ಹಾಕಿ ಚೆನ್ನಾಗಿ ಅಲ್ಲಾಡಿಸಬೇಕು, ಒಳಗಿನ ಗುಂಡು ತಳಕ್ಕೆ ಕೂತ ಪಿಗ್ಮೆಂಟನ್ನು ಕಲಸುತ್ತದೆ. ಆಮೇಲೆ ತುದಿಯನ್ನು ಒತ್ತಿ ಒತ್ತಿ ಬಣ್ಣ ಇಳಿಸಿಕೊಳ್ಳಬೇಕು. ಬಣ್ಣ ದಪ್ಪ, ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಕಪ್ಪಿನ ಮೇಲೆ ಹಳದಿ ಹಾಕಬಹುದು. ಬಿಳಿ ಬಿಟ್ಟುಕೊಳ್ಳುವ ಚಿಂತೆಯೇ ಇಲ್ಲ, ಕೊನೆಗೆ ಬಿಳಿ ಪೆನ್ನಿನಿಂದ ಬೆಳಕು ಇಟ್ಟರಾಯಿತು.

ನೀಲಿಕೊಡೆ ಹೇಳುವ ಹರಿಯುವ ಚೆಲುವು ಇದರಲ್ಲಿ ಸಿಗುವುದಿಲ್ಲ, ಒಪ್ಪುತ್ತೇನೆ. ಮರ, ಕಲ್ಲು, ಮಡಕೆ, ಗಾಜು, ಯಾವುದರ ಮೇಲೆ ಬೇಕಾದರೂ ಬರೆಯುತ್ತದೆ, ನನಗೆ ಅದೇ ಮುಖ್ಯ.

ನಿಮ್ಮ ಪೋಸ್ಟ್ ಓದುವಾಗ ನನಗೆ ತಕ್ಷಣ ಹೊಳೆದದ್ದು ಇದು. ಮನೆ ಕೆಡವುವಾಗ ಮಾಡಿನಿಂದ ಒಂದು ಒಳ್ಳೆಯ ಹೆಂಚು ಎತ್ತಿಟ್ಟುಕೊಳ್ಳಿ. ಉಜ್ಜಿ ತೊಳೆದು, ಪಾಚಿ ತೆಗೆದು, ವಾರ ಪೂರ್ತಿ ಒಣಗಿಸಿ. ಹೆಂಚು ನೀರು ಹೀರುತ್ತದೆ, ಅದಕ್ಕೆ ಮೊದಲು ಒಂದು ಕೈ ಅಕ್ರಿಲಿಕ್ ಪ್ರೈಮರ್ ಬಳಿಯಿರಿ. ಅದರ ಮೇಲೆ ಆ ಮನೆಯನ್ನೇ ಪೇಂಟ್ ಮಾರ್ಕರ್‌ನಲ್ಲಿ ಬರೆಯಿರಿ. ಹೆಂಚಿನ ಮೇಲೆ ಕಾರ್ಖಾನೆಯ ಹೆಸರಿನ ಮುದ್ರೆ ಇದ್ದರೆ ಅದಕ್ಕೆ ಬಣ್ಣ ಹಚ್ಚಬೇಡಿ, ಹಾಗೇ ಬಿಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಆಮೇಲೆ ಎಷ್ಟೋ ಕಾರ್ಖಾನೆ ಬಂದವು. ನಿಮ್ಮ ಮಾಡಿನ ಹೆಂಚು ಯಾರದು ಅಂತ ಒಮ್ಮೆ ತಿರುಗಿಸಿ ನೋಡಿ.

ಹೆಂಚಿನಮನೆ

ಮೂವರಿಗೂ ಎಷ್ಟು ಹೇಳಿದರೂ ಸಾಲದು. ಹೆಂಚಿನ ಮಾತು ಓದಿ ಅಣ್ಣನಿಗೆ ಆಗಲೇ ಫೋನ್ ಮಾಡಿದೆ. ಒಂದಲ್ಲ, ಹತ್ತು ಹೆಂಚು ತೆಗೆದಿಡುತ್ತೇನೆ ಅಂದ. ನಾನು ಮಾಡುತ್ತಿದ್ದದ್ದು ಡ್ರಾಯಿಂಗ್ ಪುಸ್ತಕದ ಹಾಳೆಯ ಮೇಲೇ. ಹುಬ್ಬಳ್ಳಿಯಿಂದ 300 ಜಿಎಸ್‌ಎಂ ಹಾಟ್ ಪ್ರೆಸ್ ತರಿಸಿಕೊಳ್ಳುತ್ತಿದ್ದೇನೆ.

ಒಂದು ಸಣ್ಣ ಪ್ರಶ್ನೆ ಉಳಿಯಿತು. ಸೆಟ್ಟಿನ ಐದಾರು ಪೆನ್ನು ಒಣಗಿದ ಹಾಗಿವೆ, ತಿಳಿಯಾಗಿ ಬರೆಯುತ್ತವೆ. ಚಿಕ್ಕವರಿದ್ದಾಗ ಸ್ಕೆಚ್ ಪೆನ್ನಿನ ಹಿಂಭಾಗ ಕಿತ್ತು ನೀರು ಬಿಡುತ್ತಿದ್ದೆವು. ಇದಕ್ಕೂ ಹಾಗೆ ಮಾಡಬಹುದಾ?

ಊರುಸುತ್ತು

ಮಾಡಬಹುದು, ಆದರೆ ಎರಡೇ ಹನಿ. ಪೆನ್ನಿನ ಒಳಗೆ ಇಂಕು ಒಂದು ನಾರಿನ ಬತ್ತಿಯಲ್ಲಿ ಇರುತ್ತದೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ತುದಿಯ ನಾರು ಅದನ್ನು ಹೀರಿಕೊಳ್ಳುತ್ತದೆ. ಇಂಕು ನಿಜವಾಗಿ ಮುಗಿದಿದ್ದರೆ ನೀರು ಹಾಕಿ ಪ್ರಯೋಜನ ಇಲ್ಲ, ಬಣ್ಣ ಇನ್ನೂ ತಿಳಿಯಾಗುತ್ತದೆ. ಕ್ಯಾಪ್ ಸಡಿಲವಾಗಿ ನೀರಿನ ಅಂಶ ಆರಿದ್ದರೆ ಮಾತ್ರ ಎರಡು ಹನಿಗೆ ಎದ್ದು ಬರುತ್ತದೆ. ಕುಡಿಯಲು ಕಾಯಿಸಿ ಆರಿಸಿದ ನೀರು ಹಾಕಿ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ನಾರಿನಲ್ಲಿ ಕೂರಬಹುದು.

ಅದಕ್ಕೂ ಮೊದಲು ನೋಡಬೇಕಾದದ್ದು, ಪೆನ್ನುಗಳನ್ನು ಹೇಗೆ ಇಟ್ಟಿದ್ದೀರಿ? ಎರಡು ತುದಿಯ ಪೆನ್ನನ್ನು ಲೋಟದಲ್ಲಿ ನಿಲ್ಲಿಸಿದರೆ ಇಂಕು ಕೆಳಗಿನ ತುದಿಗೆ ಇಳಿಯುತ್ತದೆ, ಮೇಲಿನ ತುದಿ ಒಣಗಿದ ಹಾಗೆ ಕಾಣುತ್ತದೆ. ಮಲಗಿಸಿಡಿ. ಎರಡು ದಿನ ಬಿಟ್ಟು ಬರೆದು ನೋಡಿ, ಅರ್ಧಕ್ಕರ್ಧ ಸರಿಯಾಗಿರುತ್ತವೆ. ನನ್ನ ಬೈಕಿನ ಪೆಟ್ಟಿಗೆಯಲ್ಲಿ ವರ್ಷವಿಡೀ ಮಲಗಿಯೇ ಓಡಾಡುತ್ತವೆ, ಬಿಸಿಲಿಗೆ ನಿಲ್ಲಿಸುವಾಗ ಮಾತ್ರ ಹೊರಗೆ ತೆಗೆದುಕೊಳ್ಳುತ್ತೇನೆ.

ಗೆರೆಗೆ ಬೇರೆ ಪೆನ್ ಬೇಕಾದರೆ ಫೇಬರ್-ಕ್ಯಾಸಲ್‌ನ ಪಿಟ್ ಆರ್ಟಿಸ್ಟ್ ಪೆನ್ ನೋಡಿ. ಅದು ಪಿಗ್ಮೆಂಟ್, ಒಣಗಿದ ಮೇಲೆ ನೀರಿಗೆ ಕದಡುವುದಿಲ್ಲ. ಮೊದಲು ಅದರಲ್ಲಿ ಮನೆಯ ಗೆರೆ ಎಳೆದು, ಆಮೇಲೆ ನಿಮ್ಮ ಬ್ರಶ್ ಪೆನ್ನಿನ ಬಣ್ಣ ಹಾಕಿದರೆ, ಯಾವತ್ತೋ ಬಣ್ಣ ಹಾರಿದರೂ ಕಂಬ, ತೊಲೆ, ಬಾಗಿಲು ಎಲ್ಲಿತ್ತು ಅನ್ನುವುದಾದರೂ ಉಳಿಯುತ್ತದೆ.

ಹೆಂಚಿನಮನೆ

ಐದು ವಾರ ಆಯಿತು. ಏನಾಯಿತು ಅಂತ ಹೇಳಲೇಬೇಕು.

ಮೊದಲ ಚಿತ್ರ ಬಚ್ಚಲ ಒಲೆ. ಪಿಟ್ ಪೆನ್ನಿನಲ್ಲಿ ಒಲೆ, ತಾಮ್ರದ ಹಂಡೆ, ಪಕ್ಕದ ಕಟ್ಟಿಗೆ ಅಟ್ಟಿ ಬರೆದೆ. ತಟ್ಟೆಯ ಮೇಲೆ ಬೂದು ಮತ್ತು ಕಂದು ಗೀಚಿ, ನೀರು ಬೆರೆಸಿ, ಮಸಿ ಹಿಡಿದ ಗೋಡೆಗೆ ಒಂದೇ ಸಲ ಬಳಿದೆ. ಒಂದು ಗೆರೆ ಇಲ್ಲ! ಹಂಡೆಗೆ ಮಾತ್ರ ಪೆನ್ ತಾಗಿಸಿದೆ, ಕಿತ್ತಳೆ ತುದಿಗೆ ಕಂದು ತಾಗಿಸಿ, ಬಾಯಿಯ ಅಂಚಿನಲ್ಲಿ ಒಂದು ಸುತ್ತು, ಹೊಟ್ಟೆಯ ಕೆಳಗೆ ಒಂದು ಸುತ್ತು, ನಡುವೆ ಬಿಳಿ ಬಿಟ್ಟೆ. ತಾಮ್ರ ಹೊಳೆಯಿತು. ನಾನು ಎಷ್ಟೋ ಹೊತ್ತು ಸುಮ್ನೆ ನೋಡುತ್ತ ಕೂತೆ.

ಎರಡನೆಯದು ಜಗಲಿ, ಅದು ಹಾಳಾಯಿತು. ಆ ದಿನ ಜೋರು ಮಳೆ. ಹಾಳೆ ಮೊದಲೇ ಥಂಡಿ ಹಿಡಿದಿತ್ತು, ಬಣ್ಣ ಒಂದು ಗಂಟೆಯಾದರೂ ಆರಲಿಲ್ಲ. ಮನೆಗೆ ಹೊರಡುವ ಹೊತ್ತಾಯಿತು ಅಂತ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ. ತೆಗೆದು ನೋಡಿದರೆ ಜಗಲಿಯ ಅರ್ಧ ಎದುರಿನ ಹಾಳೆಗೆ ಹತ್ತಿದೆ. ಈಗ ಹಾಳೆಗಳನ್ನು ಜಿಪ್ ಕವರಿನಲ್ಲಿ ಇಡುತ್ತೇನೆ, ನಡುವೆ ಬಟರ್ ಪೇಪರ್ ಹಾಕುತ್ತೇನೆ. ಮಲೆನಾಡಿನಲ್ಲಿ ಮಾಡುವವರು ಯಾರಾದರೂ ಓದುತ್ತಿದ್ದರೆ ಇದನ್ನು ಮರೆಯಬೇಡಿ. ಥಂಡಿಯಲ್ಲಿ ಬಹಳ ದಿನ ಇದ್ದ ಹಾಳೆಯಲ್ಲಿ ಬಣ್ಣ ಅಲ್ಲಲ್ಲಿ ಕಲೆಯ ಹಾಗೆ ಇಳಿಯುತ್ತದೆ, ನೀಲಿಕೊಡೆ ಹೇಳಿದ ಕಾಗದದ ಅಂಟು ಹಾಳಾಗಿರುತ್ತದೆ ಅಂತ ಕಾಣುತ್ತದೆ.

ಕಿಟಕಿಯ ಪರೀಕ್ಷೆ ಮಾಡಿದೆ, ಮಾಸ್ತರೇ. ಮಳೆಗಾಲ, ಬಿಸಿಲು ಇದ್ದದ್ದೇ ಕಡಿಮೆ. ಆದರೂ ಗುಲಾಬಿ ಮತ್ತು ಒಂದು ನೇರಳೆ ಎದ್ದು ಕಾಣುವಷ್ಟು ಹಾರಿವೆ. ಕಂದು ಸ್ವಲ್ಪ. ನೀಲಿಗಳು ಹಾಗೇ ಇವೆ. ಕ್ಯಾಪುಗಳಿಗೆ ಗುರುತು ಹಾಕಿದೆ. ನಿಮ್ಮ ಮಾತಿನಂತೆ ಹಿಂಭಾಗದಲ್ಲಿ ಬರೆಯುತ್ತಿದ್ದೇನೆ, ಬಚ್ಚಲ ಚಿತ್ರದ ಹಿಂದೆ "ಹಂಡೆ ತಾಮ್ರ, ಗೋಡೆ ಮಸಿ, ಬೆಳಗ್ಗೆ ಏಳು" ಅಂತ. ಅಮ್ಮ ಅದನ್ನು ನೋಡಿ ಪೆನ್ಸಿಲ್ ಇಸಿದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದರು. ಆ ಹಂಡೆ ಅಜ್ಜಿಯ ತವರಿನಿಂದ ಬಂದದ್ದಂತೆ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಹೆಂಚು ತಿರುಗಿಸಿ ನೋಡಿದೆ. ಮುದ್ರೆ ಇದೆ, ಆದರೆ ಸವೆದು ಎರಡೇ ಅಕ್ಷರ ಉಳಿದಿವೆ. ಅವನ್ನು ಹಾಗೇ ಬಿಡುತ್ತೇನೆ.

ಮುಂದಿನ ವಾರ ಕೊಟ್ಟಿಗೆ. ಒಳಗೆ ಕತ್ತಲೆ ಜಾಸ್ತಿ, ಹಿಂಬಾಗಿಲಿಂದ ಮಾತ್ರ ಬೆಳಕು. ಕಪ್ಪು ಪೆನ್ ಬಳಸಿದರೆ ಸತ್ತ ಹಾಗೆ ಕಾಣುತ್ತದೆ, ನೀರು ತಾಗಿದರೆ ಗುಲಾಬಿ ಬಿಡುತ್ತದೆ. ಆ ಕತ್ತಲೆ ಹೇಗೆ ತರಲಿ?

ನೀಲಿಕೊಡೆ

ಹಂಡೆಯ ಚಿತ್ರ ಸ್ಕ್ಯಾನ್ ಆದ ಮೇಲೆ ಇಲ್ಲಿ ಹಾಕಿ ಅಕ್ಕ, ನೋಡಬೇಕು.

ಕಪ್ಪು ಪೆನ್ ಮುಟ್ಟಲೇಬೇಡಿ. ಕಡು ನೀಲಿ ಮತ್ತು ಕಂದು ಎರಡನ್ನೂ ತಟ್ಟೆಯಲ್ಲಿ ಪಕ್ಕ ಪಕ್ಕ ಗೀಚಿ, ಪೂರ್ತಿ ಬೆರೆಸಬೇಡಿ. ಮೊದಲು ಬಾಗಿಲ ಬೆಳಕಿನ ಜಾಗವನ್ನು ಬಿಟ್ಟು ಉಳಿದ ಹಾಳೆಗೆಲ್ಲ ತಿಳಿ ಕಂದು ಒಂದು ಪದರ ಬಳಿಯಿರಿ. ಅದು ಪೂರ್ತಿ ಒಣಗಲಿ, ಮಳೆ ಇದ್ದರೆ ಆ ದಿನ ಅಲ್ಲಿಗೇ ನಿಲ್ಲಿಸಿ, ಮರುದಿನ ಮಾಡಿ. ಎರಡನೇ ಪದರ ನೀಲಿ ಜಾಸ್ತಿ ಇರುವ ಬೆರಕೆ, ಮೂಲೆಗಳಿಗೆ ಮಾತ್ರ. ಬಾಗಿಲ ಹತ್ತಿರ ಬರುವಾಗ ಕಂದು ಜಾಸ್ತಿ ಮಾಡಿ. ಮೂರನೇ ಪದರಕ್ಕೆ ಹೋಗುವಾಗ ಬ್ರಶ್ ಒಂದೇ ಸಲ ಎಳೆಯಿರಿ, ಮತ್ತೆ ತಿಕ್ಕಿದರೆ ಕೆಳಗಿನದು ಕದಡುತ್ತದೆ. ದನದ ಬೆನ್ನಿನ ಮೇಲೆ ಬೀಳುವ ಬೆಳಕಿನ ಗೆರೆ ಇರುತ್ತದಲ್ಲ, ಅಷ್ಟು ಸಣ್ಣ ಜಾಗವನ್ನು ಮೊದಲ ಪದರದಿಂದಲೇ ಬಿಳಿ ಬಿಟ್ಟುಕೊಂಡು ಬನ್ನಿ.